ಜಪಾನಿ ಭಾಷೆಯಲ್ಲಿ 4, 7, 9ಕ್ಕೆ ಎರಡೆರಡು ಹೆಸರು ಯಾಕೆ? ಸಾವಿನ ಭಯವೊಂದೇ ಕಾರಣವಾ?

ಬಿಡದಿ_ಕಲಿಕೆ:
ಎಲ್ಲರಿಗೂ ನಮಸ್ಕಾರ. ಬಿಡದಿ ಹತ್ತಿರ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಜಪಾನಿನಿಂದ ಇಂಜಿನಿಯರುಗಳು ಬಂದು ಹೋಗುತ್ತಿರುತ್ತಾರೆ. ಡಿಸೆಂಬರಿನ ಜೆಎಲ್‌ಪಿಟಿ ಎನ್‌5 ಪರೀಕ್ಷೆಗೆ, ಅಂದರೆ ಜಪಾನಿ ಭಾಷೆಯ ಮೊದಲ ಹಂತದ ಪರೀಕ್ಷೆಗೆ, ಓದುತ್ತಿದ್ದೇನೆ.

ಒಂದರಿಂದ ಹತ್ತು ಬಾಯಿಪಾಠ ಆಗಿದೆ. ಇಚಿ, ನಿ, ಸನ್, ಶಿ, ಗೊ, ರೊಕು, ಶಿಚಿ, ಹಚಿ, ಕು, ಜೂ. ಆದರೆ ಆ ಇಂಜಿನಿಯರುಗಳು ಪಾರ್ಟ್ ನಂಬರ್ ಓದುವಾಗ 4ಕ್ಕೆ ಯೊನ್, 7ಕ್ಕೆ ನನ, 9ಕ್ಕೆ ಕ್ಯೂ ಅನ್ನುತ್ತಾರೆ. ಅದೇ ಜನ ಬೆಳಿಗ್ಗೆ ಶಿಫ್ಟ್ ಶುರುವಾಗುವ ಮುಂಚೆ ಕೈಕಾಲು ಕಸರತ್ತು ಮಾಡಿಸುವಾಗ "ಇಚಿ, ನಿ, ಸನ್, ಶಿ, ಗೊ, ರೊಕು, ಶಿಚಿ, ಹಚಿ" ಅಂತ ಗಟ್ಟಿಯಾಗಿ ಎಣಿಸುತ್ತಾರೆ! ಕ್ಲಾಸಿನಲ್ಲಿ ಕೇಳಿದರೆ "ಶಿ ಅಂದರೆ ಸಾವು, ಕು ಅಂದರೆ ಕಷ್ಟ, ಅದಕ್ಕೇ ಹೇಳಲ್ಲ" ಅಂದರು. ಸರಿ, ಹಾಗಾದರೆ 7ಕ್ಕೆ ಏನು ಕೇಡು? ಏಪ್ರಿಲ್ ತಿಂಗಳಿಗೆ ಶಿಗತ್ಸು ಅಂತಲೇ ಹೇಳುತ್ತಾರಲ್ಲ, ಅದು ಹೇಗೆ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ನಗೋಯಾ_ಕನ್ನಡತಿ:
ಬಹಳ ಒಳ್ಳೆಯ ಪ್ರಶ್ನೆ. ನಾನು ನಗೋಯಾದಲ್ಲಿ ಸಂಸಾರ ಹೂಡಿದವಳು, ಮಕ್ಕಳು ಇಲ್ಲಿನ ಶಾಲೆಗೇ ಹೋಗುತ್ತಾರೆ. ತಿಳಿದಷ್ಟು ಹೇಳುತ್ತೇನೆ.

ಜಪಾನಿಗರ ಬಳಿ ಎರಡು ಎಣಿಕೆ ಇದೆ. ಒಂದು ಅವರದೇ ಹಳೆಯ ಎಣಿಕೆ: ಹಿತೊತ್ಸು, ಫುತತ್ಸು, ಮಿತ್ತ್ಸು, ಯೊತ್ತ್ಸು, ಇತ್ಸುತ್ಸು, ಮುತ್ತ್ಸು, ನನತ್ಸು, ಯತ್ತ್ಸು, ಕೊಕೊನೊತ್ಸು, ತೋ. ಇನ್ನೊಂದು ಚೀನಾದಿಂದ ಲಿಪಿಯ ಜೊತೆ ಬಂದ ಇಚಿ, ನಿ, ಸನ್. ಯೊನ್, ನನ ಎರಡೂ ಹಳೆಯ ಮನೆಮಾತಿನವು. ಅವನ್ನು ಚೀನೀ ಎಣಿಕೆಯ ನಡುವೆ ತಂದು ಕೂರಿಸಿದ್ದಾರೆ. 9ರ ಕಥೆ ಬೇರೆ. ಕು, ಕ್ಯೂ ಎರಡೂ ಚೀನಾದಿಂದಲೇ ಬಂದವು, ಆದರೆ ಬೇರೆ ಬೇರೆ ಕಾಲದಲ್ಲಿ.

ಈಗ ನೀವು ಕೇಳಿದ್ದಕ್ಕೆ ಬರುತ್ತೇನೆ. ಇಲ್ಲಿನವರನ್ನು ಒಂದರಿಂದ ಹತ್ತು ಎಣಿಸಿ ಅನ್ನಿ. ಜಾಸ್ತಿ ಜನ ಇಚಿ, ನಿ, ಸನ್, ಶಿ, ಗೊ, ರೊಕು, ಶಿಚಿ ಅಂತಲೇ ಹೋಗುತ್ತಾರೆ. ಹತ್ತರಿಂದ ಕೆಳಗೆ ಎಣಿಸಿ ಅನ್ನಿ. ಜೂ, ಕ್ಯೂ, ಹಚಿ, ನನ, ರೊಕು, ಗೊ, ಯೊನ್, ಸನ್, ನಿ, ಇಚಿ. ಅದೇ ಬಾಯಿ, ಅದೇ ಅಂಕಿಗಳು! ಸಾವಿನ ಭಯವೇ ಕಾರಣವಾಗಿದ್ದರೆ ಮೇಲಕ್ಕೆ ಹೋಗುವಾಗಲೂ ಹೆದರಬೇಕಿತ್ತು ಅಲ್ವಾ? ಮೇಲಕ್ಕೆ ಎಣಿಸುವುದು ಚಿಕ್ಕಂದಿನಿಂದ ಬಂದ ರಾಗ. 1928ರಿಂದ ರೇಡಿಯೋದಲ್ಲಿ ಬರುವ ಬೆಳಗಿನ ವ್ಯಾಯಾಮದಲ್ಲೂ ಅದೇ ರಾಗ. ನಿಮ್ಮ ಕಾರ್ಖಾನೆಯ ಕಸರತ್ತಿನದೂ ಅದೇ. ಕೆಳಕ್ಕೆ ಎಣಿಸುವಾಗ ರಾಗ ಇಲ್ಲ, ಒಂದೊಂದನ್ನೂ ಯೋಚಿಸಿ ಹೇಳಬೇಕು. ಆಗ ಕಿವಿಗೆ ಸ್ಪಷ್ಟವಾಗಿ ಕೇಳುವ ಹೆಸರೇ ಬಾಯಿಗೆ ಬರುತ್ತದೆ.

ಇಚಿ, ಶಿ, ಶಿಚಿ, ಹಚಿ. ಮೆಷಿನ್ ಸದ್ದಿನ ನಡುವೆ ಇವನ್ನು ಹೇಳಿ ನೋಡಿ. ಎಲ್ಲದರ ಕೊನೆಯೂ ಒಂದೇ ತರ ಕೇಳುತ್ತದೆ. "ಶಿಚಿಜಿ" ಅಂದರೆ ಏಳು ಗಂಟೆ, "ಇಚಿಜಿ" ಅಂದರೆ ಒಂದು ಗಂಟೆ. ಗಲಾಟೆಯಲ್ಲಿ ಯಾವುದು ಅಂದರೋ ಗೊತ್ತೇ ಆಗಲ್ಲ. ಅದಕ್ಕೇ ಸಮಯ ಖಚಿತವಾಗಬೇಕಾದ ಕಡೆ "ನನಜಿ" ಅಂತ ಹೇಳುವುದುಂಟು. 7ಕ್ಕೆ ಕೇಡೇನೂ ಇಲ್ಲ. ಅದು ಶುಭವೇ. ಅದನ್ನು ಬದಲಿಸುವುದು ಕಿವಿಗೋಸ್ಕರ.

ತೊಗರಿ_ನಾಡು:
ಅಕ್ಕಾರ, ಕಿವಿಯ ಕಾರಣ ಒಪ್ಪುತ್ತೇನೆ. ಆದರೆ ಮೂಢನಂಬಿಕೆಯನ್ನು ಇಷ್ಟು ಹಗುರ ಮಾಡಬೇಡ್ರಿ. ಜಪಾನಿನಲ್ಲಿ ಗಾಡಿ ನಂಬರ್ ಕೊಡುವಾಗ ಕೊನೆಯ ಎರಡು ಅಂಕಿ 42 ಮತ್ತು 49 ಬರುವ ನಂಬರುಗಳನ್ನು ಬಿಟ್ಟೇ ಹಂಚುತ್ತಾರೆ. 42 ಅಂದರೆ "ಶಿನಿ", ಸಾಯುವುದು. 49 ಅಂದರೆ "ಶಿಕು", ಸಾವು ಮತ್ತು ಸಂಕಟ. ಆ ನಂಬರೇ ಬೇಕು ಅಂತ ಯಾರಾದರೂ ಕೇಳಿಕೊಂಡರೆ ಮಾತ್ರ ಕೊಡುತ್ತಾರೆ. ಪ್ಲೇಟಿನಲ್ಲಿ ಒಂದು ಅಕ್ಷರವೂ ಇರುತ್ತದೆ. ಅದರಲ್ಲಿ "ಶಿ" ಇಲ್ಲ. ಇದು ಕಿವಿಯ ಮಾತಲ್ಲ, ಸರ್ಕಾರವೇ ಜನರ ಭಯಕ್ಕೆ ಮಣೆ ಹಾಕಿರುವುದು.

ನಗೋಯಾ_ಕನ್ನಡತಿ:
@ತೊಗರಿ_ನಾಡು ನೀವು ಹೇಳಿದ್ದು ನಿಜ, ಭಯ ಇಲ್ಲವೇ ಇಲ್ಲ ಅಂತ ನಾನೂ ಹೇಳಲ್ಲ. ಅಕ್ಷರಗಳ ವಿಷಯಕ್ಕೆ ಒಂದು ಮಾತು ಸೇರಿಸುತ್ತೇನೆ. "ಹೆ" ಕೂಡ ಬಿಟ್ಟಿದ್ದಾರೆ, ಅದಕ್ಕೆ ಹೂಸು ಅಂತ ಅರ್ಥ ಬರುತ್ತದೆ. "ಒ" ಬಿಟ್ಟಿರುವುದು ಬೇರೆ ಅಕ್ಷರದ ಹಾಗೆ ಕಾಣುತ್ತದೆ ಅಂತ. "ನ್" ಬಿಟ್ಟಿರುವುದು ಅದೊಂದನ್ನೇ ಹೇಳಲು ಕಷ್ಟ ಅಂತ. ಅಂದರೆ ಸಾವು, ಮುಜುಗರ, ಕಣ್ಣು, ಬಾಯಿ ನಾಲ್ಕೂ ಕಾರಣ ಒಂದೇ ಪಟ್ಟಿಯಲ್ಲಿವೆ. ನನ್ನ ಮಾತೂ ಇಷ್ಟೇ. ಭಯ ಒಂದು ಕಡೆ, ಸ್ಪಷ್ಟತೆ ಒಂದು ಕಡೆ ಅಂತ ಗೆರೆ ಎಳೆಯಲು ಆಗಲ್ಲ, ಎರಡೂ ಹೆಣೆದುಕೊಂಡಿವೆ.

ಭಯವೇ ಎದ್ದು ಕಾಣುವ ಒಂದು ಜಾಗ ಹೇಳಲಾ? ಮೂರು ಜನ ಅನ್ನಲು "ಸನ್ನಿನ್", ಐದು ಜನ ಅನ್ನಲು "ಗೊನಿನ್". ನಾಲ್ಕು ಜನಕ್ಕೆ "ಶಿನಿನ್" ಅಂದರೆ ಹೆಣ ಅಂತ ಅರ್ಥ ಆಗುತ್ತದೆ. ಹೋಟೆಲಿನ ಬಾಗಿಲಲ್ಲಿ ನಿಂತು ಹಾಗೆ ಹೇಳಲು ಸಾಧ್ಯವೇ? ಅದಕ್ಕೇ "ಯೊನಿನ್". ಪರೀಕ್ಷೆಗೆ ನೆನಪಿಡಿ, ಇಲ್ಲಿ ಒಂದೇ ನ. "ಯೊನ್ನಿನ್" ಅಲ್ಲ.

ಬಿಡದಿ_ಕಲಿಕೆ:
ಅಕ್ಕ, ಮೇಲಕ್ಕೆ ಕೆಳಕ್ಕೆ ಎಣಿಸುವ ವಿಷಯವನ್ನು ಇವತ್ತು ಲೈನಿನಲ್ಲಿ ಒಬ್ಬರನ್ನು ಕೇಳಿ ನೋಡಿದೆ. ನೀವು ಹೇಳಿದ ಹಾಗೇ ಎಣಿಸಿದರು. ಅವರಿಗೇ ಆಶ್ಚರ್ಯ ಆಯಿತು, ಮತ್ತೆ ಮತ್ತೆ ಎಣಿಸಿ ನೋಡಿಕೊಂಡರು!

ಶಿಗತ್ಸು ಬಗ್ಗೆಯೂ ಹೇಳಿ.

ನಗೋಯಾ_ಕನ್ನಡತಿ:
ತಿಂಗಳಿನ ಹೆಸರುಗಳಲ್ಲಿ ಹಳೆಯ ಉಚ್ಚಾರಣೆಯೇ ಗಟ್ಟಿಯಾಗಿ ಉಳಿದಿದೆ. ಏಪ್ರಿಲ್ ಶಿಗತ್ಸು, ಜುಲೈ ಶಿಚಿಗತ್ಸು, ಸೆಪ್ಟೆಂಬರ್ ಕುಗತ್ಸು. ಗಂಟೆ ಹೇಳುವಾಗ ನಾಲ್ಕು ಗಂಟೆ ಯೊಜಿ, ಒಂಬತ್ತು ಗಂಟೆ ಕುಜಿ. ಇಲ್ಲಿ "ಕ್ಯೂಜಿ" ಅಂದರೆ ತಪ್ಪು. ಕಷ್ಟ ಅನ್ನುವ ಅರ್ಥ ಇದ್ದರೂ ಒಂಬತ್ತು ಗಂಟೆಗೆ ಕು ಬಿಟ್ಟಿಲ್ಲ ನೋಡಿ.

ಇನ್ನೂ ದೊಡ್ಡ ಸಾಕ್ಷಿ ಬೇಕಾ? ಜಪಾನಿನ ನಾಲ್ಕು ದೊಡ್ಡ ದ್ವೀಪಗಳಲ್ಲಿ ಒಂದರ ಹೆಸರೇ ಶಿಕೊಕು. ನಾಲ್ಕು ನಾಡು ಅಂತ. ಅಲ್ಲಿ 88 ದೇವಾಲಯಗಳ ಯಾತ್ರೆ ಇದೆ, ಸುತ್ತಿ ಬರಲು ಸುಮಾರು 1,200 ಕಿಲೋಮೀಟರ್ ನಡೆಯಬೇಕು. ಒಸಾಕಾದಲ್ಲಿ 593ರಲ್ಲಿ ಕಟ್ಟಲು ಶುರುಮಾಡಿದರು ಅನ್ನುವ ಬೌದ್ಧ ದೇವಾಲಯದ ಹೆಸರು ಶಿತೆನ್ನೋಜಿ. ನಾಲ್ಕು ದಿಕ್ಕು ಕಾಯುವ ನಾಲ್ವರು ದೇವರಾಜರ ಗುಡಿ ಅದು. ಆ ನಾಲ್ವರೂ ಭಾರತದಿಂದ ಬೌದ್ಧ ಧರ್ಮದ ಜೊತೆ ಹೋದವರು. ಅಲ್ಲೆಲ್ಲ ಶಿ ಇದ್ದೇ ಇದೆ. ಹೀಗೆ ಹೆಸರಿನೊಳಗೆ ಬೆರೆತು ಹೋದ ಶಿ ಯಾರನ್ನೂ ಹೆದರಿಸಲ್ಲ. ಒಂಟಿಯಾಗಿ ನಿಂತಾಗ ಅಥವಾ ಶಿನಿನ್ ತರ ಸಾವಿನ ಮಾತಿನ ಹಾಗೆ ಕೇಳಿದಾಗ, ಅದೂ ರೋಗಿ, ಮದುವೆ, ಉಡುಗೊರೆ ಇರುವ ಕಡೆ, ಹೆದರಿಸುತ್ತದೆ.

ಲೆಕ್ಕದ_ಮೇಷ್ಟ್ರು:
ಚರ್ಚೆ ಓದಿ ಖುಷಿಯಾಯಿತು. ನಿವೃತ್ತ ಗಣಿತ ಮೇಷ್ಟ್ರು ನಾನು. ಮಗಳು ಯೊಕೊಹಾಮಾದಲ್ಲಿ ಇದ್ದಾಳೆ. ಅಲ್ಲಿಗೆ ಹೋದಾಗ ಮೊಮ್ಮಗಳಿಂದ ಕಲಿತ ಎರಡು ವಿಷಯ ಹೇಳುತ್ತೇನೆ.

ಮೊದಲನೆಯದು ಹಳೆಯ ಎಣಿಕೆಯ ಚೆಲುವು. ಒಂದು ಹಿತೊ, ಎರಡು ಫುತ. ಮೂರು ಮಿ, ಆರು ಮು. ನಾಲ್ಕು ಯೊ, ಎಂಟು ಯ. ಗಮನಿಸಿ, ಎರಡರಷ್ಟಾದಾಗ ವ್ಯಂಜನ ಹಾಗೇ ಉಳಿದು ಸ್ವರ ಮಾತ್ರ ಬದಲಾಗುತ್ತದೆ. ಮಿ ಎರಡರಷ್ಟಾದರೆ ಮು, ಯೊ ಎರಡರಷ್ಟಾದರೆ ಯ. ಹಿತೊ, ಫುತ ಕೂಡ ಅದೇ ಜೋಡಿ, ಯಾಕೆಂದರೆ ಅವರ ಲಿಪಿಯಲ್ಲಿ ಫು ಇರುವುದು ಹ ಸಾಲಿನಲ್ಲೇ. ಎಷ್ಟೋ ಭಾಷೆಯ ಅಂಕಿಗಳನ್ನು ಓದಿದ್ದೇನೆ, ಇಂಥ ಕಟ್ಟಡವನ್ನು ಬೇರೆಲ್ಲೂ ನೋಡಿಲ್ಲ.

ಎರಡನೆಯದು ದೊಡ್ಡ ಸಂಖ್ಯೆ. ನಮಗೆ ಲಕ್ಷ, ಕೋಟಿ ಇದ್ದ ಹಾಗೆ ಅವರಿಗೆ ಮನ್, ಒಕು. ಮನ್ ಅಂದರೆ ಹತ್ತು ಸಾವಿರ. ಒಕು ಅಂದರೆ ಹತ್ತು ಕೋಟಿ. ನಮ್ಮ ಒಂದು ಲಕ್ಷ ಅವರಿಗೆ ಜೂಮನ್. ನಮ್ಮ ಒಂದು ಕೋಟಿ ಅವರಿಗೆ ಇಸ್ಸೆನ್‌ಮನ್. ನಾವು ಸಾವಿರದ ನಂತರ ಎರಡೆರಡು ಸೊನ್ನೆಗೆ ಹೆಸರು ಬದಲಿಸುತ್ತೇವೆ, ಅವರು ನಾಲ್ಕು ನಾಲ್ಕಕ್ಕೆ. ಬರೆಯುವಾಗ ಮಾತ್ರ ಅಲ್ಪವಿರಾಮವನ್ನು ಪಾಶ್ಚಾತ್ಯರ ಹಾಗೆ ಮೂರು ಸೊನ್ನೆಗೆ ಹಾಕುತ್ತಾರೆ. ಹಾಗಾಗಿ ಅಲ್ಪವಿರಾಮ ಮರೆತು, ಬಲಗಡೆಯಿಂದ ನಾಲ್ಕು ಅಂಕಿ ಬಿಟ್ಟು ಒಂದು ಗೆರೆ ಎಳೆದುಕೊಳ್ಳಿ. ಸಂಬಳದ ಚೀಟಿಯನ್ನು ಓದುವುದು ಆಗ ಸುಲಭ. ಮೂರು ಲಕ್ಷ ಯೆನ್ ಅಂದರೆ 30 ಮನ್, ಸನ್‌ಜೂಮನ್.

ಬಿಡದಿ_ಕಲಿಕೆ:
ಮೇಷ್ಟ್ರೇ, ಮಿ-ಮು, ಯೊ-ಯ ಅಂತ ಹೇಳಿಕೊಟ್ಟಿರಿ, ಇನ್ನು ಮರೆಯಲ್ಲ. ಆದರೆ ಪೀಸ್ ಎಣಿಸುವ ಮಾತುಗಳು ತಲೆ ಕೆಡಿಸುತ್ತಿವೆ. ಉದ್ದನೆಯ ವಸ್ತು ಎಣಿಸುವಾಗ ಒಂದು, ಎರಡು, ಮೂರಕ್ಕೆ ಇಪ್ಪೊನ್, ನಿಹೊನ್, ಸಂಬೊನ್ ಅಂತ ಹೊನ್ ಅನ್ನುವುದು ಯಾಕೆ ಬಣ್ಣ ಬದಲಿಸುತ್ತದೆ? ನೂರಕ್ಕೂ ಇದೇ ಗೋಳು. ಹ್ಯಕು, ಸಂಬ್ಯಕು, ರೊಪ್ಪ್ಯಕು, ಹಪ್ಪ್ಯಕು.

ಸಂಗೀತ_ಪಾಠ:
ಈ ವಿಷಯದಲ್ಲಿ ಕನ್ನಡದವರು ಪುಣ್ಯವಂತರು. ಬೆಂಗಳೂರಿನಲ್ಲಿ ಜಪಾನಿ ಕಲಿಸುತ್ತೇನೆ, ಸಂಗೀತವನ್ನೂ ಕಲಿಸುತ್ತೇನೆ. ಮೂರು ವಿಷಯ ನಮಗೆ ಹುಟ್ಟಿನಿಂದಲೇ ಬಂದಿವೆ.

ಹ್ರಸ್ವ, ದೀರ್ಘ. ಇಂಗ್ಲಿಷ್ ಮಾತಾಡುವವರಿಗೆ ಜೂ ಎಷ್ಟು ಎಳೆಯಬೇಕು ಅಂತ ಕಲಿಸಲು ವಾರಗಟ್ಟಲೆ ಬೇಕು. ನಮಗೆ ಒಂದು ದೀರ್ಘ ಹಾಕಿದರೆ ಆಯಿತು. ತಾರೀಖಿನಲ್ಲಿ ಇದು ಬಹಳ ಮುಖ್ಯ. 4ನೇ ತಾರೀಖು ಯೊಕ್ಕ, 8ನೇ ತಾರೀಖು ಯೋಕ. ಎಷ್ಟೋ ವಿದೇಶಿಯರು ಅಪಾಯಿಂಟ್‌ಮೆಂಟ್ ತಪ್ಪಿಸಿಕೊಳ್ಳುವುದು ಇಲ್ಲೇ.

ಒತ್ತಕ್ಷರ. ಇಪ್ಪೊನ್, ರೊಪ್ಪೊನ್, ಹಪ್ಪೊನ್. ಅಪ್ಪ, ಉಪ್ಪು, ತುಪ್ಪ ಹೇಳುವ ಬಾಯಿಗೆ ಇದೇನು ಕಷ್ಟ?

ಸೊನ್ನೆ, ಅಂದರೆ ಅನುಸ್ವಾರ. ಸಂಪು, ಸಂತೆ, ಸಂಗ. ಮೂರರಲ್ಲೂ ಒಂದೇ ಸೊನ್ನೆ, ಆದರೆ ಮುಂದಿನ ಅಕ್ಷರ ನೋಡಿ ಮ್ ಆಗುತ್ತದೆ, ನ್ ಆಗುತ್ತದೆ, ಙ್ ಆಗುತ್ತದೆ. ಜಪಾನಿನ ಕೊನೆಯ "ನ್" ಅಕ್ಷರದ ನಡೆಯೂ ಹಾಗೇ. ಸಂಬೊನ್ ಅಂದಾಗ ಮ್, ಸಂತೆನ್ ಅಂದಾಗ ನ್. ಅದರ ಪಕ್ಕದಲ್ಲಿ ಹ ಬಂದರೆ ಕೆಲವು ಕಡೆ ಬ ಆಗುತ್ತದೆ, ಅದೇ ನಿಮ್ಮ ಸಂಬೊನ್, ಸಂಬ್ಯಕು. ಇಚಿ, ರೊಕು, ಹಚಿ ಪಕ್ಕದಲ್ಲಿ ಬಂದರೆ ಹ ಪ ಆಗುತ್ತದೆ. ಹಳೆಯ ಜಪಾನಿಯಲ್ಲಿ ಈ ಹ ಎಲ್ಲ ಪ ಆಗಿತ್ತು ಅಂತ ಭಾಷೆ ಓದಿದವರು ಹೇಳುತ್ತಾರೆ. ನಮ್ಮ ಪಾಲು ಹಾಲು ಆಗಲಿಲ್ಲವೇ, ಪೂವು ಹೂವು ಆಗಲಿಲ್ಲವೇ! ಹಳಗನ್ನಡ ಓದಿದವರಿಗೆ ಇದು ತಕ್ಷಣ ಹೊಳೆಯುತ್ತದೆ. ಒತ್ತಿನ ಜೊತೆ ಹಳೆಯ ಪ ಉಳಿದುಕೊಂಡಿದೆ.

ಅವರ ಅಕ್ಷರಮಾಲೆಯ ಸಾಲು ನೋಡಿ. ಅ ಇ ಉ ಎ ಒ, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಸಂಸ್ಕೃತ ಕಲಿತ ಬೌದ್ಧ ಸನ್ಯಾಸಿಗಳ ಕೈಯಲ್ಲಿ ಬಂದ ಕ್ರಮ ಅದು.

ಒಂದು ಎಚ್ಚರಿಕೆ. ಉ ಹೇಳುವಾಗ ತುಟಿ ನಮ್ಮಷ್ಟು ಮುಂದಕ್ಕೆ ಚಾಚಬೇಡಿ. ರೊಕು, ಹ್ಯಕು ಕೊನೆಯ ಉ ತುಂಬಾ ಸಣ್ಣದು. ಫುತತ್ಸು ಹೇಳುವಾಗ ಹಲ್ಲು ತುಟಿಗೆ ತಾಗಬಾರದು, ಎರಡೂ ತುಟಿಯ ನಡುವೆ ಗಾಳಿ ಬಿಡಿ.

ಮಂಗಳೂರು_ನರ್ಸ್:
ಆಸ್ಪತ್ರೆ ಕಡೆಯಿಂದ ನಾನೊಂದು ಹೇಳುತ್ತೇನೆ. ಜಪಾನಿನ ಆಸ್ಪತ್ರೆಗಳಲ್ಲಿ 4 ಮತ್ತು 9 ಇರುವ ರೂಮ್ ನಂಬರ್ ಬಿಡುವುದು ಹಳೆಯ ರೂಢಿ. ಹೆರಿಗೆ ವಾರ್ಡಿನಲ್ಲಿ 43 ಕೂಡ ಬೇಡ ಅನ್ನುತ್ತಾರೆ. "ಶಿಸನ್" ಅನ್ನುವುದು "ಶಿಜ಼ನ್" ಅನ್ನುವ ಪದದ ಹತ್ತಿರ ಬರುತ್ತದೆ. ಹುಟ್ಟುವಾಗಲೇ ಮಗು ಸತ್ತಿರುವುದಕ್ಕೆ ಆ ಪದ. ಇದನ್ನು ಓದಿ ನಗಬೇಡಿ. ಹೆರಿಗೆ ನೋವಿನಲ್ಲಿರುವ ತಾಯಿಯನ್ನು ಅಂಥ ನಂಬರಿನ ಬಾಗಿಲ ಒಳಗೆ ಕರೆದುಕೊಂಡು ಹೋಗಲು ನನಗೂ ಮನಸ್ಸು ಬರಲ್ಲ.

ಕ್ಯೋಟೊದ ಒಂದು ವಿಶ್ವವಿದ್ಯಾಲಯದ ಆಸ್ಪತ್ರೆಯ ದಾಖಲೆ ನೋಡಿ ಮಾಡಿದ ಅಧ್ಯಯನ 1998ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಜಪಾನಿ ಕ್ಯಾಲೆಂಡರಿನಲ್ಲಿ ಆರು ದಿನಕ್ಕೊಮ್ಮೆ ತಿರುಗುವ ಶುಭ ಅಶುಭದ ಲೆಕ್ಕ ಇದೆ. ಅದರಲ್ಲಿ "ತೈಅನ್" ಅನ್ನುವುದು ಒಳ್ಳೆಯ ದಿನ. ರೋಗಿಗಳು ಆ ದಿನ ಮನೆಗೆ ಹೋಗಲೆಂದು ಡಿಸ್ಚಾರ್ಜ್ ಮುಂದಕ್ಕೆ ಹಾಕಿಕೊಳ್ಳುತ್ತಾರೆ, ಅದರಿಂದ ಆಸ್ಪತ್ರೆ ಖರ್ಚು ಏರುತ್ತದೆ ಅಂತ ಅಲ್ಲಿ ತೋರಿಸಿದ್ದಾರೆ. ನಮ್ಮ ವಾರ್ಡಿನಲ್ಲೂ "ಸಿಸ್ಟರ್, ಇವತ್ತು ಅಮಾವಾಸ್ಯೆ, ನಾಳೆ ಕಳಿಸಿ" ಅನ್ನುವವರಿಗೆ ಬರವಿಲ್ಲ.

ತೊಗರಿ_ನಾಡು:
ಸಿಸ್ಟರ್, ಅದೇ ಜರ್ನಲ್‌ನಲ್ಲಿ 2001ರಲ್ಲಿ ಇನ್ನೊಂದು ಬಂದಿತ್ತಲ್ಲ? ಅಮೆರಿಕದಲ್ಲಿರುವ ಚೀನೀ, ಜಪಾನಿ ಮೂಲದವರು ತಿಂಗಳ 4ನೇ ತಾರೀಖು ಹೃದಯದ ಕಾಯಿಲೆಯಿಂದ ಸಾಯುವುದು ಜಾಸ್ತಿ ಅಂತ.

ಮಂಗಳೂರು_ನರ್ಸ್:
ಹೌದು, ಬಂದಿತ್ತು. ಆದರೆ ಅದನ್ನು ಗಟ್ಟಿ ಸಾಕ್ಷಿ ಅಂತ ಹಿಡಿದುಕೊಳ್ಳಬೇಡಿ. ಆಮೇಲೆ ಬೇರೆಯವರು ಲೆಕ್ಕ ಹಾಕಿದಾಗ ಆ ಫಲಿತಾಂಶ ನಿಲ್ಲಲಿಲ್ಲ. ಹೃದಯದ ಕಾಯಿಲೆಗಳಲ್ಲಿ ಯಾವುದನ್ನು ಸೇರಿಸಿಕೊಂಡರು, ಯಾವುದನ್ನು ಬಿಟ್ಟರು ಅನ್ನುವುದರ ಮೇಲೇ ಅದು ನಿಂತಿತ್ತು ಅಂತ ತಕರಾರು ಬಂತು. ವಾಟ್ಸ್ಆಪ್‌ನಲ್ಲಿ ಅದು ಇನ್ನೂ ಓಡಾಡುತ್ತಿದೆ, ದಯವಿಟ್ಟು ಮುಂದೆ ಕಳಿಸಬೇಡಿ.

ಕೋಲಾರದ_ಚಿನ್ನ:
ಇದೆಲ್ಲ ಚೀನಾದಿಂದ ಬಂದಿದ್ದು ಅಂತಾರಲ್ಲ. ಹಾಗಾದರೆ ಚೀನಾದಲ್ಲೂ 9 ಕೆಟ್ಟದ್ದಾ?

ನಗೋಯಾ_ಕನ್ನಡತಿ:
ಇಲ್ಲ, ಅಲ್ಲಿ 9 ಬಹಳ ಒಳ್ಳೆಯದು. ಬಹುಕಾಲ ಅನ್ನುವ ಪದದ ಉಚ್ಚಾರಣೆಯೇ 9ಕ್ಕೂ ಇದೆ. 4 ಮಾತ್ರ ಎರಡೂ ಕಡೆ ಸಾವಿಗೆ ತಾಗುತ್ತದೆ. 8 ಎರಡೂ ಕಡೆ ಶುಭ, ಆದರೆ ಕಾರಣ ಬೇರೆ. ಚೀನಾದಲ್ಲಿ ಅದು ಸಂಪತ್ತು ಬೆಳೆಯುವ ಮಾತಿನ ಹಾಗೆ ಕೇಳುತ್ತದೆ. ಜಪಾನಿನಲ್ಲಿ ಬರೆಯುವ ಆಕಾರ ಮುಖ್ಯ. ಎರಡು ಗೆರೆ ಮೇಲಿನಿಂದ ಕೆಳಕ್ಕೆ ಅಗಲವಾಗುತ್ತಾ ಹೋಗುತ್ತವೆ, ಮುಂದೆ ಮುಂದೆ ಏಳಿಗೆ ಅಂತ. ಹಳೆಯ ಮಾತಿನಲ್ಲಿ 8 ಅಂದರೆ ಲೆಕ್ಕವಿಲ್ಲದಷ್ಟು ಅಂತಲೂ ಅರ್ಥ. ದೇವರುಗಳನ್ನು "ಯಓಯೊರೊಜು" ಅನ್ನುತ್ತಾರೆ, ಎಂಬತ್ತು ಲಕ್ಷ. ತರಕಾರಿ ಅಂಗಡಿ "ಯಓಯ", ಎಂಟುನೂರರ ಅಂಗಡಿ.

ಲೆಕ್ಕದ_ಮೇಷ್ಟ್ರು:
ತರಕಾರಿ ಅಂಗಡಿ ಅಂದಿರಲ್ಲ, ಅಂಕಿಯ ಭಯ ಒಂದು ದೇಶವನ್ನೇ ಹೇಗೆ ಅಲುಗಾಡಿಸಿತು ಅನ್ನುವುದಕ್ಕೆ ಅಲ್ಲೇ ಒಂದು ಕಥೆ ಇದೆ.

ಎದೊ, ಅಂದರೆ ಈಗಿನ ಟೋಕಿಯೊದಲ್ಲಿ ಒಬ್ಬ ತರಕಾರಿ ವ್ಯಾಪಾರಿಯ ಮಗಳು. ಹೆಸರು ಒಶಿಚಿ. ಹೆಸರಿನಲ್ಲೇ ಶಿಚಿ, ಏಳು. ಊರಿಗೆ ಬೆಂಕಿ ಬಿದ್ದಾಗ ಮನೆಯವರೆಲ್ಲ ಒಂದು ದೇವಾಲಯದಲ್ಲಿ ಆಶ್ರಯ ಪಡೆದರು. ಅಲ್ಲಿದ್ದ ಹುಡುಗನ ಮೇಲೆ ಅವಳಿಗೆ ಪ್ರೀತಿ ಹುಟ್ಟಿತು. ಮತ್ತೆ ಬೆಂಕಿ ಬಿದ್ದರೆ ಮತ್ತೆ ಅವನನ್ನು ನೋಡಬಹುದು ಅಂತ ತಾನೇ ಬೆಂಕಿ ಇಟ್ಟಳು. 1683ರಲ್ಲಿ ಅವಳನ್ನು ಜೀವಂತ ಸುಟ್ಟರು. ಅವಳು ಹುಟ್ಟಿದ್ದು 1666ರಲ್ಲಿ, "ಹಿನೊಎಉಮ" ವರ್ಷದಲ್ಲಿ ಅಂತ ಜನ ನಂಬಿದರು. ಹಾಗಂದರೆ ಬೆಂಕಿ ಕುದುರೆ ವರ್ಷ. ಹತ್ತು ಹೆಸರಿನ ಒಂದು ಚಕ್ರ, ಹನ್ನೆರಡು ಪ್ರಾಣಿಗಳ ಇನ್ನೊಂದು ಚಕ್ರ. ಎರಡೂ ಸೇರಿ ಅರವತ್ತು ವರ್ಷಕ್ಕೊಮ್ಮೆ ಅದೇ ಜೋಡಿ ಬರುತ್ತದೆ. ಲಘುತಮ ಸಾಮಾನ್ಯ ಅಪವರ್ತ್ಯ ಪಾಠಕ್ಕೆ ನಾನು ಇದನ್ನೇ ಉದಾಹರಣೆ ಕೊಡುತ್ತಿದ್ದೆ. ಆ ವರ್ಷ ಹುಟ್ಟಿದ ಹೆಣ್ಣು ಗಂಡನನ್ನು ತಿನ್ನುತ್ತಾಳೆ ಅನ್ನುವ ಮಾತು ಹಬ್ಬಿತು.

1906ರಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ಮದುವೆಯ ವಯಸ್ಸಿನಲ್ಲಿ ಗಂಡು ಸಿಗುವುದು ಕಷ್ಟವಾಯಿತು. ಅದನ್ನು ನೋಡಿದ್ದ ಜನ 1966ರಲ್ಲಿ ಏನು ಮಾಡಿದರು ನೋಡಿ. 1965ರಲ್ಲಿ ಜಪಾನಿನಲ್ಲಿ ಹುಟ್ಟಿದ ಮಕ್ಕಳು ಸುಮಾರು 18.2 ಲಕ್ಷ. 1966ರಲ್ಲಿ 13.6 ಲಕ್ಷ. 1967ರಲ್ಲಿ 19.4 ಲಕ್ಷ. ಯುದ್ಧ ಇಲ್ಲ, ಬರ ಇಲ್ಲ, ರೋಗ ಇಲ್ಲ. ಬುಲೆಟ್ ರೈಲು ಓಡಿಸಿ, ಒಲಿಂಪಿಕ್ಸ್ ನಡೆಸಿ ಎರಡು ವರ್ಷ ಆಗಿತ್ತಷ್ಟೇ. ಅಂಥ ದೇಶದಲ್ಲಿ ಬರೀ ವರ್ಷದ ಹೆಸರಿಗೆ ಹೆದರಿ ನಾಲ್ಕೂವರೆ ಲಕ್ಷ ಮಕ್ಕಳು ಕಡಿಮೆ ಹುಟ್ಟಿದರು. ಗ್ರಾಫ್ ಹಾಳೆಯ ಮೇಲೆ ಅದು ಒಂದು ಬಾವಿಯ ಹಾಗೆ ಕಾಣುತ್ತದೆ. ಆ ಗೆರೆ ನೋಡಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಹದಿಹರೆಯದ ಒಂದು ಹುಡುಗಿಯ ದುಡುಕಿಗೆ ಎಷ್ಟು ತಲೆಮಾರಿನ ಹೆಣ್ಣುಮಕ್ಕಳು ಬೆಲೆ ತೆರಬೇಕು?

ತೊಗರಿ_ನಾಡು:
ಮೇಷ್ಟ್ರೇ, ಇದನ್ನೇ ನಾನು ಹೇಳಬೇಕೆಂದಿದ್ದೆ. ರೂಮ್ ನಂಬರ್ ಬಿಟ್ಟರೆ ಯಾರಿಗೂ ನಷ್ಟ ಇಲ್ಲ. ಹೆಣ್ಣುಮಗುವಿನ ಹಣೆಗೆ ಇಂಥದ್ದನ್ನು ಅಂಟಿಸಿದರೆ ಅದು ಜೀವನಪೂರ್ತಿ ಬಿಡುವುದಿಲ್ಲ. ನಮ್ಮಲ್ಲಿ ಮೂಲಾ ನಕ್ಷತ್ರದ ಹುಡುಗಿ ಮಾವನಿಗೆ ಆಗಲ್ಲ, ಆಶ್ಲೇಷಾ ಅತ್ತೆಗೆ ಆಗಲ್ಲ ಅಂತ ಎಷ್ಟು ಸಂಬಂಧ ಮುರಿದಿಲ್ಲ? ನಮ್ಮ ಬಳಗದಲ್ಲೇ ಒಬ್ಬ ಅಕ್ಕನ ಜಾತಕವನ್ನು ಬದಲಿಸಿ ಬರೆಸಬೇಕಾಯಿತು. ಬಹಳ ಓದಿದವಳು, ಬಹಳ ಒಳ್ಳೆಯವಳು. ಆ ದಿನ ಅವಳ ಮುಖ ನೋಡಲು ಆಗಲಿಲ್ಲ.

2026 ಮತ್ತೆ ಅದೇ ಬೆಂಕಿ ಕುದುರೆ ವರ್ಷ ಅಲ್ಲವೇನ್ರಿ?

ನಗೋಯಾ_ಕನ್ನಡತಿ:
ಹೌದು, ಅದೇ. ಇಲ್ಲಿ ಟಿವಿ, ಪತ್ರಿಕೆ ಎಲ್ಲ ಕಡೆ ಅದರ ಮಾತು ಬರುತ್ತದೆ. ನನ್ನ ಜೊತೆ ಕೆಲಸ ಮಾಡುವ ಚಿಕ್ಕ ವಯಸ್ಸಿನವರು ತಲೆ ಕೆಡಿಸಿಕೊಂಡಿಲ್ಲ. ಅಜ್ಜಿಯರು ಮಾತ್ರ ಒಂದು ಮಾತು ತೆಗೆಯುತ್ತಾರೆ. 2024ರಲ್ಲಿ ಇಲ್ಲಿ ಹುಟ್ಟಿದ್ದೇ 6.86 ಲಕ್ಷ ಮಕ್ಕಳು, 1966ರ ಬಾವಿಯ ಅರ್ಧ ಅಷ್ಟೇ. ಈಗಿನ ತಂದೆ ತಾಯಿಗೆ ಕುದುರೆಯ ಭಯ ಅಲ್ಲ. ಮನೆ ಬಾಡಿಗೆ, ಕೆಲಸದ ಹೊತ್ತು, ಮಗು ನೋಡಿಕೊಳ್ಳುವವರು ಯಾರು, ಇವೇ ಚಿಂತೆ.

ಸಂಗೀತ_ಪಾಠ:
ಅರವತ್ತರ ಚಕ್ರ ನಮ್ಮದೂ ಹೌದು. 1966ರ ಯುಗಾದಿಗೆ ಬಂದದ್ದು ಪರಾಭವ ಸಂವತ್ಸರ, 2026ರ ಯುಗಾದಿಗೂ ಅದೇ ಪರಾಭವ. ಹೆಸರಿನ ಅರ್ಥವೇ ಸೋಲು. ಆದರೂ ಆ ಹೆಸರಿಗೆ ಹೆದರಿ ನಮ್ಮಲ್ಲಿ ಯಾರೂ ಮಗು ಬೇಡ ಅನ್ನಲಿಲ್ಲ. ಅರವತ್ತು ತುಂಬಿದಾಗ ನಾವು ಷಷ್ಟಿಪೂರ್ತಿ ಮಾಡುತ್ತೇವೆ. ಅವರು "ಕನ್‌ರೆಕಿ" ಮಾಡುತ್ತಾರೆ, ಕೆಂಪು ಟೋಪಿ, ಕೆಂಪು ತೋಳಿಲ್ಲದ ಅಂಗಿ ಹಾಕಿಸಿ ಕೂರಿಸುತ್ತಾರೆ. ಚಕ್ರ ಸುತ್ತಿ ಮತ್ತೆ ಕೂಸಾದರು ಅಂತ. ನನಗೆ ಆ ಕೆಂಪು ಅಂಗಿ ಬಹಳ ಇಷ್ಟ.

ಕೋಲಾರದ_ಚಿನ್ನ:
ವಯಸ್ಸಿನ ವಿಷಯಕ್ಕೆ ಬಂದರೆ, 42 ವರ್ಷಕ್ಕೆ ಗಂಡಸರಿಗೆ ಗಂಡಾಂತರ ಅಂತ ಕೇಳಿದ್ದೇನೆ. ನಿಜವಾಗಿ ಪಾಲಿಸುತ್ತಾರಾ?

ನಗೋಯಾ_ಕನ್ನಡತಿ:
"ಯಕುದೊಶಿ" ಅಂತಾರೆ. ಗಂಡಸರಿಗೆ 25, 42, 61. ಹೆಂಗಸರಿಗೆ 19, 33, 37. ಅದರಲ್ಲಿ 42 ಮತ್ತು 33 ಅತಿ ಕೆಟ್ಟವು. 42 ಶಿನಿ, ಮೇಲೆ ಹೇಳಿದ ಹಾಗೆ. 33 "ಸನ್‌ಜ಼ನ್", ಹೀನಾಯ ಅನ್ನುವ ಅರ್ಥದ ಮಾತಿಗೆ ತಾಳೆಯಾಗುತ್ತದೆ. ಹಿಂದಿನ ವರ್ಷ, ಮುಂದಿನ ವರ್ಷವೂ ಎಚ್ಚರ ಬೇಕು ಅಂತಾರೆ. ವಯಸ್ಸನ್ನು ಹಳೆಯ ಲೆಕ್ಕದಲ್ಲಿ ಎಣಿಸಬೇಕು. ಹುಟ್ಟಿದಾಗಲೇ ಒಂದು, ಆಮೇಲೆ ಪ್ರತಿ ಹೊಸ ವರ್ಷಕ್ಕೆ ಒಂದು. ಹೊಸ ವರ್ಷದ ಹೊತ್ತಿಗೆ ನಮ್ಮ ಹತ್ತಿರದ ದೇವಸ್ಥಾನದ ಮುಂದೆ ದೊಡ್ಡ ಹಲಗೆ ಹಾಕುತ್ತಾರೆ, ಈ ವರ್ಷ ಯಾವ ಇಸವಿಯಲ್ಲಿ ಹುಟ್ಟಿದವರಿಗೆ ಯಕುದೊಶಿ ಅಂತ. ಸೂಟು ಹಾಕಿದ ಗಂಡಸರು ಅದರ ಮುಂದೆ ನಿಂತು ತಮ್ಮ ಇಸವಿ ಹುಡುಕುತ್ತಿರುತ್ತಾರೆ. ಇಸವಿ ಸಿಕ್ಕಿತೋ, ಒಳಗೆ ಹೋಗಿ ಪೂಜೆಗೆ ಚೀಟಿ ಬರೆಸುತ್ತಾರೆ. ಪೂರ್ತಿ ನಂಬದವರೂ ಮಾಡಿಸುತ್ತಾರೆ.

ಲೆಕ್ಕದ_ಮೇಷ್ಟ್ರು:
ಅಂಕಿಗೆ ಎರಡು ಮೂರು ಉಚ್ಚಾರಣೆ ಇರುವುದು ಭಯವನ್ನಷ್ಟೇ ಅಲ್ಲ, ಸಂತೋಷವನ್ನೂ ಕೊಟ್ಟಿದೆ. 39 ಅಂದರೆ ಸನ್ ಕ್ಯೂ, ಥ್ಯಾಂಕ್ ಯೂ! 4649 ಅಂದರೆ ಯೊ-ರೊ-ಶಿ-ಕು, ಪರಿಚಯ ಆದಾಗ ಹೇಳುವ ಮಾತು. ಇದರಲ್ಲಿ ಒಂದು 4 ಯೊ, ಇನ್ನೊಂದು 4 ಶಿ ಆಗಿದೆ ನೋಡಿ. 1990ರ ದಶಕದಲ್ಲಿ ಪೇಜರಿನಲ್ಲಿ ಅಂಕಿ ಮಾತ್ರ ಕಳಿಸಬಹುದಾಗಿದ್ದಾಗ ಹೈಸ್ಕೂಲ್ ಹುಡುಗಿಯರು ಇಂಥ ಸಂಖ್ಯೆಯಲ್ಲೇ ಮಾತಾಡುತ್ತಿದ್ದರು. 0840 ಅಂದರೆ ಒಹಯೋ, ಶುಭೋದಯ.

ಶಾಲೆಯಲ್ಲಿ ವರ್ಗಮೂಲವನ್ನೂ ಹೀಗೇ ಕಲಿಸುತ್ತಾರೆ. ಎರಡರ ವರ್ಗಮೂಲ 1.41421356. "ಹಿತೊಯೊ ಹಿತೊಯೊ ನಿ ಹಿತೊಮಿಗೊರೊ." ರಾತ್ರಿ ರಾತ್ರಿಯೂ ನೋಡಲು ಚೆಂದ ಅನ್ನುವಂಥ ಸಾಲು. ಒಂದೇ ಸಾಲಿನಲ್ಲಿ ಹಿತೊ, ಯೊ, ಮಿ ಹಳೆಯ ಎಣಿಕೆಯವು, ನಿ, ಗೊ, ರೊ ಚೀನಾದಿಂದ ಬಂದವು. ಮೊಮ್ಮಗಳು ಇದನ್ನು ಹಾಡಿದಾಗ ನಾನು ದಂಗಾದೆ. ನಮ್ಮ ಮಕ್ಕಳು ಸಾಮಾನ್ಯವಾಗಿ 1.414ಕ್ಕೆ ನಿಲ್ಲುತ್ತಾರೆ.

ಸಂಗೀತ_ಪಾಠ:
ಮೇಷ್ಟ್ರೇ, ನಮ್ಮಲ್ಲೂ ಕಟಪಯಾದಿ, ಅಂದರೆ ಅಕ್ಷರಕ್ಕೊಂದು ಅಂಕಿ ಕೊಡುವ ಪದ್ಧತಿ ಇದೆ ಅಲ್ವಾ, ದಿಕ್ಕು ಮಾತ್ರ ಉಲ್ಟಾ. ಅವರು ಅಂಕಿಯಿಂದ ಮಾತು ಮಾಡುತ್ತಾರೆ, ನಾವು ಮಾತಿನೊಳಗೆ ಅಂಕಿ ಬಚ್ಚಿಡುತ್ತೇವೆ. ಮೇಚಕಲ್ಯಾಣಿ ರಾಗದ ಹೆಸರಿನಲ್ಲಿ ಮ 5, ಚ 6, ತಿರುಗಿಸಿದರೆ 65, ಅದು 65ನೇ ಮೇಳ, ಅಂದರೆ ಮೂಲ ರಾಗ. ಮಾಯಾಮಾಳವಗೌಳದಲ್ಲಿ ಮ 5, ಯ 1, ತಿರುಗಿಸಿದರೆ 15.

ತೊಗರಿ_ನಾಡು:
ಅಂಕಿಯ ಹೆಸರನ್ನೇ ಬದಲಿಸುವ ರೂಢಿ ನಮ್ಮ ಕಣದಲ್ಲೂ ಇತ್ತು. ರಾಶಿ ಅಳೆಯುವಾಗ ಅಜ್ಜ ಮೊದಲ ಸೇರಿಗೆ ಒಂದು ಅನ್ನುತ್ತಿರಲಿಲ್ಲ, "ಲಾಭ" ಅನ್ನುತ್ತಿದ್ದ. ಲಾಭ, ಎರಡು, ಮೂರು. ಮನೆಯಲ್ಲಿ ಬಳೆ ಒಡೆದರೆ "ಬಳೆ ಹೆಚ್ಚಿತು" ಅಂತಾರಲ್ಲ, ಹಾಗೆ. ಇದನ್ನು ಮೂಢನಂಬಿಕೆ ಅಂತ ಬೈಯಲು ನನಗೂ ಮನಸ್ಸಿಲ್ಲ ನೋಡ್ರಿ.

ಬಿಡದಿ_ಕಲಿಕೆ:
ಎಲ್ಲರಿಗೂ ತುಂಬಾ ಧನ್ಯವಾದ. ಕೊನೆಗೆ ಒಂದು ಸಹಾಯ ಬೇಕು. ನಮ್ಮ ಜೊತೆ ಇದ್ದ ಜಪಾನಿ ಇಂಜಿನಿಯರ್ ಒಬ್ಬರ ಮದುವೆ ಅವರ ಊರಿನಲ್ಲೇ ಇದೆ. ಕಂಪನಿ ಕೆಲಸದ ಮೇಲೆ ಅದೇ ಸಮಯಕ್ಕೆ ಅಲ್ಲಿರುತ್ತೇನೆ, ಕರೆದಿದ್ದಾರೆ. ಮುಯ್ಯಿ ಎಷ್ಟು ಹಾಕಬೇಕು? ಇಲ್ಲಿ ಹಾಕುವ ಹಾಗೆ 501, 1,001 ಅಂತ ಒಂದು ಯೆನ್ ಸೇರಿಸಬಹುದಾ?

ನಗೋಯಾ_ಕನ್ನಡತಿ:
ಒಂದು ಯೆನ್ ಸೇರಿಸಬೇಡಿ, ಅವರಿಗೆ ಅದು ಅರ್ಥ ಆಗಲ್ಲ. ನೋಟು ಮಾತ್ರ. ಜೊತೆ ಕೆಲಸ ಮಾಡುವವರು, ಗೆಳೆಯರು ಸಾಮಾನ್ಯವಾಗಿ 30,000 ಯೆನ್ ಹಾಕುತ್ತಾರೆ. 40,000 ಮತ್ತು 90,000 ಬೇಡವೇ ಬೇಡ, ಶಿ ಮತ್ತು ಕು. ಸರಿ ಸಂಖ್ಯೆ ಎರಡು ಪಾಲಾಗುತ್ತದೆ, ದಂಪತಿ ಬೇರೆಯಾದ ಹಾಗೆ ಅಂತ ಅದನ್ನೂ ತಪ್ಪಿಸುತ್ತಾರೆ. ಕೈ ಬಿಗಿ ಇದ್ದವರು 20,000 ಹಾಕುವುದುಂಟು. ಆಗ ಹತ್ತು ಸಾವಿರದ ಒಂದು ನೋಟು, ಐದು ಸಾವಿರದ ಎರಡು ನೋಟು ಇಟ್ಟು ಮೂರು ನೋಟು ಮಾಡುತ್ತಾರೆ.

ನೋಟು ಹೊಸದಿರಬೇಕು. ಬ್ಯಾಂಕಿನಲ್ಲಿ ಕೇಳಿದರೆ ಬದಲಿಸಿ ಕೊಡುತ್ತಾರೆ. ಮಡಚಿದ ಹಳೆಯ ನೋಟು ಸಾವಿನ ಮನೆಗೆ, ಹೊಸ ನೋಟು ಅಲ್ಲಿಗೆ ಒಯ್ದರೆ ಸಾವಿಗೆ ಕಾದು ಕುಳಿತಿದ್ದ ಹಾಗೆ ಆಗುತ್ತದೆ. ಲಕೋಟೆಯನ್ನು ಸ್ಟೇಷನರಿ ಅಂಗಡಿಯಲ್ಲಿ ತಗೊಳ್ಳುವಾಗ ದಾರದ ಗಂಟು ನೋಡಿ. ಬಿಚ್ಚಲು ಬಾರದ ಗಂಟು ಇರುವುದು ಮದುವೆಗೆ, ಒಂದೇ ಸಲ ಆಗಬೇಕಾದದ್ದು ಅಂತ. ಚಿಟ್ಟೆಯ ಹಾಗೆ ಕಟ್ಟಿ ಎಳೆದರೆ ಬಿಚ್ಚುವ ಗಂಟು ಮಗು ಹುಟ್ಟಿದಾಗ ಕೊಡಲು. ಒಳಗಿನ ಲಕೋಟೆಯ ಮೇಲೆ ಮೊತ್ತ ಬರೆಯಬೇಕು, ಅದೂ ತಿದ್ದಲು ಬಾರದ ಹಳೆಯ ಗಟ್ಟಿ ಅಂಕಿಗಳಲ್ಲಿ. ಅವರ ಲಿಪಿಯಲ್ಲಿ ಮಾಮೂಲಿ 1, 2, 3 ಅಂದರೆ ಒಂದು, ಎರಡು, ಮೂರು ಗೆರೆ ಅಷ್ಟೇ, ಯಾರು ಬೇಕಾದರೂ ಒಂದು ಗೆರೆ ಸೇರಿಸಿ ಹೆಚ್ಚಿಸಬಹುದು, ಅದಕ್ಕೆ. ನೀವು ಇಳಿದುಕೊಳ್ಳುವ ಹೋಟೆಲಿನ ಕೌಂಟರಿನಲ್ಲಿ ಕೇಳಿದರೆ ಮಾದರಿ ಬರೆದು ತೋರಿಸುತ್ತಾರೆ, ನೋಡಿಕೊಂಡು ನೀವೇ ಬರೆಯಿರಿ.

ಬಿಡದಿ_ಕಲಿಕೆ:
30,000, ಹೊಸ ನೋಟು, ಬಿಚ್ಚದ ಗಂಟು. ಬರೆದುಕೊಂಡೆ ಅಕ್ಕ. ಅಂದ ಹಾಗೆ ಮದುವೆ ತಾರೀಖು 8, ಯೋಕ!

ನಗೋಯಾ_ಕನ್ನಡತಿ:
ಯೊಕ್ಕ ಅಲ್ಲ ತಾನೇ? ಕರೆಯೋಲೆ ತೆಗೆದು ಇನ್ನೊಂದು ಸಲ ನೋಡಿಬಿಡಿ.